ಸಾಕು ಲಾವಕ್ಕಿಯ ಕೊಕ್ಕು ಕೆಟ್ಟಾಗ: ಕಾರಣ, ಆರೈಕೆ, ಚಿಕಿತ್ಸೆ

ತಟ್ಟೆಯ ತುಂಬ ಆಹಾರವಿದ್ದರೂ ಲಾವಕ್ಕಿಯೊಂದು ಹಸಿವಿನಿಂದ ಸಾಯುವುದುಂಟು. ಕೊಕ್ಕಿನ ತುದಿ ಮುರಿದಿರುವ ಅಥವಾ ಕೊಕ್ಕು ಅಳತೆ ಮೀರಿ ಬೆಳೆದಿರುವ ಹಕ್ಕಿ ದಿನವಿಡೀ ತಟ್ಟೆಯನ್ನು ಕುಕ್ಕುತ್ತಲೇ ಇರುತ್ತದೆ. ನೋಡಿದವರಿಗೆ ಅದು ಚೆನ್ನಾಗಿಯೇ ತಿನ್ನುತ್ತಿದೆ ಎನಿಸುತ್ತದೆ. ಆದರೆ ಕಾಳು ಕೊಕ್ಕಿನ ಹಿಡಿತಕ್ಕೆ ಸಿಗದೆ ಪ್ರತಿ ಬಾರಿಯೂ ಜಾರಿ ಬೀಳುತ್ತಿರುತ್ತದೆ. ನೂರೈವತ್ತು ಇನ್ನೂರು ಗ್ರಾಂ ತೂಗುವ ಜೀವಕ್ಕೆ ಇಂತಹ ಉಪವಾಸವನ್ನು ಬಹಳ ದಿನ ತಾಳಿಕೊಳ್ಳುವ ಶಕ್ತಿಯಿರುವುದಿಲ್ಲ. ಗರಿಗಳ ಕೆಳಗೆ ಅದು ಬಡಕಲಾಗಿರುವುದು ಅರಿವಿಗೆ ಬರುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಆದುದರಿಂದ ಕೊಕ್ಕಿನ ತೊಂದರೆಯನ್ನು ಕಂಡೊಡನೆ ಕತ್ತರಿ ಹುಡುಕುವುದು ಸರಿಯಾದ ಕ್ರಮವಲ್ಲ. ಮೊದಲು ಹಕ್ಕಿಯ ಹೊಟ್ಟೆಗೆ ದಾರಿ ಮಾಡಬೇಕು. ಅನಂತರ ಕೊಕ್ಕು ಏಕೆ ಹಾಗಾಯಿತೆಂದು ತಿಳಿಯಬೇಕು. ಕೊಕ್ಕನ್ನು ತಿದ್ದುವುದು ಮೂರನೆಯ ಹೆಜ್ಜೆ. ಈ ಅನುಕ್ರಮದಲ್ಲಿಯೇ ಇಲ್ಲಿ ವಿಷಯವನ್ನು ವಿವರಿಸಲಾಗಿದೆ.

ಮನೆಯಲ್ಲಿ ಸಾಕುವ ಲಾವಕ್ಕಿ ಯಾವುದು?

ನಮ್ಮ ಹೊಲಗದ್ದೆ, ಕುರುಚಲು ಕಾಡುಗಳಲ್ಲಿ ಹಲವು ಬಗೆಯ ಲಾವಕ್ಕಿಗಳಿವೆ. ಅವುಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಸಾಕಣೆ ಕೇಂದ್ರಗಳಲ್ಲಿ ಬೆಳೆಸುವ ಹಾಗೂ ಮಾರುಕಟ್ಟೆಯಲ್ಲಿ ಗೌಜಲ ಹಕ್ಕಿಯೆಂದು ಮಾರಾಟವಾಗುವ ಹಕ್ಕಿ ಬೇರೆ. ಅದು ಜಪಾನಿ ಲಾವಕ್ಕಿ. ಜಪಾನಿನಲ್ಲಿ ಮೊದಲು ಇದನ್ನು ಇದರ ಕೂಗಿಗಾಗಿ ಸಾಕುತ್ತಿದ್ದರು. ಮೊಟ್ಟೆ ಮತ್ತು ಮಾಂಸಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಸಾಕುವುದು 20ನೇ ಶತಮಾನದಲ್ಲಿ ಬೆಳೆಯಿತು. ಭಾರತಕ್ಕೆ ಈ ಹಕ್ಕಿ 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಬಂದಿತು. ಉತ್ತರ ಪ್ರದೇಶದ ಬರೇಲಿ ಬಳಿಯ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯು ಇದರ ತಳಿಗಳನ್ನು ಅಭಿವೃದ್ಧಿಪಡಿಸಿತು.

ಮೊಟ್ಟೆಯೊಡೆಯಲು 17ರಿಂದ 18 ದಿನ ಸಾಕು. ಆರೇಳು ವಾರಗಳಲ್ಲಿ ಹೆಣ್ಣು ಮೊಟ್ಟೆಯಿಡತೊಡಗುತ್ತದೆ. ಮಾಂಸಕ್ಕಾಗಿ ಬೆಳೆಸಿದ ಹಕ್ಕಿ ಐದಾರು ವಾರಗಳಿಗೇ ಮಾರಾಟವಾಗುತ್ತದೆ. ಅಷ್ಟು ಅಲ್ಪಾವಧಿಯಲ್ಲಿ ಕೊಕ್ಕು ಅತಿಯಾಗಿ ಬೆಳೆದು ತೊಂದರೆ ಕೊಡುವ ಪ್ರಸಂಗ ಕಡಿಮೆ. ಅದೇ ಹಕ್ಕಿ ಮನೆಯೊಂದರಲ್ಲಿ ಪ್ರೀತಿಯಿಂದ ಎರಡು ಮೂರು ವರ್ಷ ಬಾಳಿದಾಗ, ಎಳವೆಯಲ್ಲಿ ಆದ ಸಣ್ಣ ಗಾಯವೂ ದೊಡ್ಡ ಊನವಾಗಿ ಕಾಣಿಸಿಕೊಳ್ಳುತ್ತದೆ. ಸಾಕಣೆ ಕೇಂದ್ರದವರಿಗೆ ಅಷ್ಟಾಗಿ ಎದುರಾಗದ ಈ ಸಮಸ್ಯೆ ಮನೆಯಲ್ಲಿ ಸಾಕುವವರಿಗೆ ಎದುರಾಗುವುದು ಈ ಕಾರಣದಿಂದಲೇ.

ಕೊಕ್ಕಿನ ರಚನೆ

ಕೊಕ್ಕು ಉಗುರಿನಂತೆ ಕಂಡರೂ ಉಗುರಲ್ಲ. ಅದರ ಒಳಗೆ ಮೂಳೆಯಿದೆ. ಮೂಳೆಯ ಮೇಲೆ ರಕ್ತನಾಳಗಳೂ ನರಗಳೂ ಹರಡಿರುವ ತೆಳುವಾದ ಸಜೀವ ಪದರವಿದೆ. ಅದರ ಮೇಲೆ ಕೆರಾಟಿನ್ ಎಂಬ ಪ್ರೋಟೀನಿನ ಗಟ್ಟಿ ಕವಚವಿದೆ. ನಮ್ಮ ಕಣ್ಣಿಗೆ ಕಾಣುವುದು ಈ ಕವಚ ಮಾತ್ರ. ಇದು ಹಕ್ಕಿ ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ನೆಲವನ್ನು ಕುಕ್ಕುವುದರಿಂದ, ಕೆದಕುವುದರಿಂದ, ಮೇಲಿನ ಹಾಗೂ ಕೆಳಗಿನ ಕೊಕ್ಕುಗಳು ಒಂದಕ್ಕೊಂದು ತಾಗುವುದರಿಂದ ಬೆಳೆದಷ್ಟೂ ಸವೆಯುತ್ತದೆ. ಬೆಳವಣಿಗೆ ಮತ್ತು ಸವೆತ ಸಮನಾಗಿರುವವರೆಗೆ ಕೊಕ್ಕು ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ.

ಆರೋಗ್ಯವಂತ ಲಾವಕ್ಕಿಯ ಕೊಕ್ಕು ಗಿಡ್ಡವಾಗಿದ್ದು ತುದಿಯಲ್ಲಿ ತುಸು ಬಾಗಿರುತ್ತದೆ. ಮೇಲಿನ ಕೊಕ್ಕು ಕೆಳಗಿನದಕ್ಕಿಂತ ಸ್ವಲ್ಪವೇ ಮುಂದಕ್ಕಿರುತ್ತದೆ. ಬಾಯಿ ಮುಚ್ಚಿದಾಗ ಎರಡೂ ಅಂಚುಗಳು ಬಿರುಕಿಲ್ಲದೆ ಕೂಡುತ್ತವೆ. ಮೇಲ್ಮೈ ನುಣುಪಾಗಿರುತ್ತದೆ. ಕೊಕ್ಕಿನ ತುದಿಯಲ್ಲಿ ಸ್ಪರ್ಶವನ್ನು ಅರಿಯುವ ನರತುದಿಗಳಿರುವುದರಿಂದ ಹಕ್ಕಿ ಕಾಳನ್ನೂ ಕಲ್ಲನ್ನೂ ಬೇರ್ಪಡಿಸಬಲ್ಲದು. ತುದಿಗೆ ಆಳವಾದ ಪೆಟ್ಟು ಬಿದ್ದರೆ ಹಕ್ಕಿಗೆ ನೋವೂ ಆಗುತ್ತದೆ, ಈ ಅರಿವೂ ಕುಂದುತ್ತದೆ.

ಕೊಕ್ಕು ಕೆಡುವುದು ಏಕೆ?

ಕಾರಣಗಳು ಹಲವು. ಒಂದೇ ಹಕ್ಕಿಯಲ್ಲಿ ಎರಡು ಮೂರು ಕಾರಣಗಳು ಒಟ್ಟಾಗಿ ಸೇರಿರುವುದೂ ಉಂಟು.

1. ಎಳವೆಯಲ್ಲಿ ಕೊಕ್ಕು ಕತ್ತರಿಸಿರುವುದು: ಒಂದೇ ಗೂಡಿನಲ್ಲಿ ಹೆಚ್ಚು ಮರಿಗಳನ್ನು ತುಂಬುವ ಸಾಕಣೆ ಕೇಂದ್ರಗಳಲ್ಲಿ ಅವು ಒಂದನ್ನೊಂದು ಕುಕ್ಕದಿರಲೆಂದು ಕೊಕ್ಕಿನ ತುದಿಯನ್ನು ಕತ್ತರಿಸುವ ಅಥವಾ ಸುಡುವ ರೂಢಿಯಿದೆ. ಮೇಲಿನ ಕೊಕ್ಕನ್ನು ಮಾತ್ರ ಹೆಚ್ಚಾಗಿ ಕತ್ತರಿಸಿದರೆ ಕೆಳಗಿನ ಕೊಕ್ಕಿಗೆ ಎದುರಾಸರೆ ಇಲ್ಲದಂತಾಗಿ ಅದು ಸೌಟಿನಂತೆ ಮುಂದಕ್ಕೆ ಬೆಳೆಯುತ್ತದೆ. ಅಂಗಡಿಯಿಂದಲೋ ಸಾಕಣೆ ಕೇಂದ್ರದಿಂದಲೋ ತಂದ ಹಕ್ಕಿಯಲ್ಲಿ ಕೆಳಗಿನ ಕೊಕ್ಕು ಉದ್ದವಾಗಿದ್ದು ಮೇಲಿನದು ಮೊಂಡಾಗಿದ್ದರೆ ಮೊದಲು ಶಂಕಿಸಬೇಕಾದುದು ಇದನ್ನೇ.

2. ಪೆಟ್ಟು: ಬೆದರಿದ ಲಾವಕ್ಕಿ ಓಡುವುದಕ್ಕಿಂತ ಹೆಚ್ಚಾಗಿ ನೇರವಾಗಿ ಮೇಲಕ್ಕೆ ಚಿಮ್ಮುತ್ತದೆ. ತಂತಿಯ ಚಾವಣಿಗೆ ಬಡಿದು ತಲೆಗೂ ಕೊಕ್ಕಿಗೂ ಗಾಯವಾಗುತ್ತದೆ. ಜಾಲರಿಯ ಸಂದಿಯಲ್ಲಿ ಕೊಕ್ಕು ಸಿಕ್ಕಿಕೊಂಡು ಮುರಿಯುವುದು, ಗಂಡುಗಳ ಕಾದಾಟದಲ್ಲಿ ಗಾಯವಾಗುವುದು, ಬೆಕ್ಕು ಅಥವಾ ಹೆಗ್ಗಣ ಎಳೆಯುವುದು ಇತರ ಕಾರಣಗಳು.

3. ಸವೆತದ ಕೊರತೆ: ತಂತಿಯ ನೆಲ, ಪ್ಲಾಸ್ಟಿಕ್ ತಟ್ಟೆ, ಸದಾ ಮೆತ್ತನೆಯ ಅಥವಾ ಪುಡಿಯಾದ ಆಹಾರ ಇವುಗಳ ನಡುವೆ ಬಾಳುವ ಹಕ್ಕಿಗೆ ಕೊಕ್ಕನ್ನು ಉಜ್ಜಲು ಒರಟಾದ ವಸ್ತುವೇ ಸಿಗುವುದಿಲ್ಲ.

4. ಪೋಷಕಾಂಶಗಳ ಕೊರತೆ: ಕ್ಯಾಲ್ಸಿಯಂ, ರಂಜಕ ಮತ್ತು ಡಿ3 ಜೀವಸತ್ವ ಸಾಲದಿದ್ದರೆ ಮರಿಗಳ ಕೊಕ್ಕು ರಬ್ಬರಿನಂತೆ ಮೆತ್ತಗಾಗಿ ಬಾಗುತ್ತದೆ. ಬಯೋಟಿನ್ ಕೊರತೆಯಿಂದ ಕೊಕ್ಕು ವಿಕಾರಗೊಳ್ಳುತ್ತದೆ, ಬಾಯಿಯ ಮೂಲೆಗಳಲ್ಲಿ ಹಕ್ಕಳೆ ಕಟ್ಟುತ್ತದೆ. ಎ ಜೀವಸತ್ವ ಕಡಿಮೆಯಾದರೆ ಬಾಯಿಯ ಒಳಪದರ ಕೆಡುತ್ತದೆ. ಲವ್‌ಬರ್ಡ್‌ಗಳಿಗೆ ಕೊಡುವಂತೆ ಬರಿಯ ನವಣೆ, ಸಜ್ಜೆ ಕಾಳುಗಳನ್ನಷ್ಟೇ ಕೊಟ್ಟು ಸಾಕಿದ ಲಾವಕ್ಕಿಗಳಲ್ಲಿ ಈ ಕೊರತೆಗಳನ್ನು ನಿರೀಕ್ಷಿಸಬಹುದು.

5. ಯಕೃತ್ತಿನ ತೊಂದರೆ: ಯಕೃತ್ತಿನ ಕಾಯಿಲೆಯಿರುವ ಸಾಕುಹಕ್ಕಿಗಳಲ್ಲಿ ಕೊಕ್ಕು ವೇಗವಾಗಿ, ಪದರು ಪದರಾಗಿ ಬೆಳೆಯುವುದುಂಟು. ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಹಿಂಡಿಗಳಲ್ಲಿ ಉತ್ಪತ್ತಿಯಾಗುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಹಾಳುಮಾಡುತ್ತದೆ. ಮಳೆಗಾಲದಲ್ಲಿ ಆಹಾರದ ಚೀಲವನ್ನು ತೇವಕ್ಕೆ ಬಿಡಬಾರದೆನ್ನುವುದು ಇದಕ್ಕಾಗಿಯೇ.

6. ರೋಗ ಮತ್ತು ಸೋಂಕು: ಸೊಳ್ಳೆಗಳಿಂದಲೂ ಹರಡುವ ಪಕ್ಷಿ ಸಿಡುಬಿನಲ್ಲಿ ಕೊಕ್ಕಿನ ಬುಡದ ಸುತ್ತ ಗಂಟುಗಳೂ ಹಕ್ಕಳೆಗಳೂ ಏಳುತ್ತವೆ. ತೀರ ನುಣ್ಣನೆಯ ಹಿಟ್ಟಿನಂತಹ ಆಹಾರ ಕೊಕ್ಕಿನೊಳಗೆ ಅಂಟಿ ಕೊಳೆತು ಅಲ್ಲಿಯ ಅಂಗಾಂಶವನ್ನು ಕೆಡಿಸುವುದೂ ಉಂಟು.

7. ಹುಟ್ಟಿನಿಂದ ಬಂದ ಓರೆ: ಮೇಲಿನ ಹಾಗೂ ಕೆಳಗಿನ ಕೊಕ್ಕುಗಳು ಕತ್ತರಿಯ ಅಲಗುಗಳಂತೆ ಒಂದನ್ನೊಂದು ದಾಟಿ ಬೆಳೆಯುತ್ತವೆ. ಮರಿ ಬೆಳೆದಂತೆ ಓರೆ ಹೆಚ್ಚುತ್ತದೆ. ಇಂತಹ ಹಕ್ಕಿಯನ್ನು ಸಾಕಬಹುದು. ಅದರ ಮೊಟ್ಟೆಗಳನ್ನು ಮರಿ ಮಾಡಿಸಬಾರದು.

ತೊಂದರೆಯನ್ನು ಗುರುತಿಸುವುದು

ಕೊಕ್ಕನ್ನು ಎದುರಿನಿಂದಲೂ ಎರಡು ಪಕ್ಕಗಳಿಂದಲೂ ಹಗಲು ಬೆಳಕಿನಲ್ಲಿ ನೋಡಬೇಕು. ಉದ್ದ, ಓರೆ, ಬಿರುಕು, ಬಣ್ಣಗೆಟ್ಟ ಭಾಗ, ಮೂಗಿನ ಹೊಳ್ಳೆಯ ಬಳಿ ಊತ, ದುರ್ವಾಸನೆ ಇವುಗಳನ್ನು ಗಮನಿಸಬೇಕು. ವಾರಕ್ಕೊಮ್ಮೆ ಪಕ್ಕದಿಂದ ಛಾಯಾಚಿತ್ರ ತೆಗೆದಿಟ್ಟರೆ ಬೆಳವಣಿಗೆಯ ವೇಗ ತಿಳಿಯುತ್ತದೆ. ವೈದ್ಯರಿಗೂ ಅದು ಉಪಯುಕ್ತ.

ಕೊಕ್ಕಿನ ಅಂದಕ್ಕಿಂತ ಮುಖ್ಯವಾದುದು ಹಕ್ಕಿಯ ತೂಕ. ಅಡುಗೆಮನೆಯಲ್ಲಿ ಬಳಸುವ ಡಿಜಿಟಲ್ ತಕ್ಕಡಿಯ ಮೇಲೆ ಚಿಕ್ಕ ಡಬ್ಬಿಯಿಟ್ಟು, ಅದರ ತೂಕವನ್ನು ಸೊನ್ನೆಗೆ ತಂದು, ಹಕ್ಕಿಯನ್ನು ಅದರೊಳಗೆ ಕೂರಿಸಿ ತೂಗಬಹುದು. ದಿನವೂ ಬೆಳಿಗ್ಗೆ, ಆಹಾರ ಕೊಡುವ ಮುನ್ನ, ಒಂದೇ ಹೊತ್ತಿಗೆ ತೂಗಿ ಬರೆದಿಡಬೇಕು. ಹೆಣ್ಣು ಹಕ್ಕಿ ಮೊಟ್ಟೆಯಿಟ್ಟ ದಿನ ಸುಮಾರು 10 ಗ್ರಾಂ ವ್ಯತ್ಯಾಸ ಬರುವುದು ಸಹಜ. 180 ಗ್ರಾಂ ಇದ್ದ ಹಕ್ಕಿ 162 ಗ್ರಾಮಿಗೆ ಇಳಿಯಿತೆಂದರೆ ಹತ್ತನೆಯ ಒಂದು ಭಾಗ ಕರಗಿದಂತೆ. ಅಷ್ಟಾದರೆ ತಡಮಾಡದೆ ವೈದ್ಯರ ಬಳಿ ಒಯ್ಯಬೇಕು.

ತಕ್ಕಡಿ ಇಲ್ಲದಿದ್ದರೆ ಎದೆಯನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿ ನೋಡಬೇಕು. ಎರಡೂ ಬದಿಗಳಲ್ಲಿ ಮಾಂಸ ತುಂಬಿ ಗುಂಡಗಿದ್ದರೆ ಸರಿ. ನಡುವಿನ ಎದೆಯೆಲುಬು ಕತ್ತಿಯ ಅಲಗಿನಂತೆ ಕೈಗೆ ಸಿಕ್ಕರೆ ಹಕ್ಕಿ ಹಲವು ದಿನಗಳಿಂದ ಅರೆಹೊಟ್ಟೆಯಲ್ಲಿದೆ ಎಂದರ್ಥ. ರಾತ್ರಿ ಮಲಗುವ ಮೊದಲು ಕತ್ತಿನ ಬುಡದ ಆಹಾರ ಚೀಲವನ್ನೂ ಮುಟ್ಟಿ ನೋಡಬೇಕು. ಅದು ಬರಿದಾಗಿದ್ದರೆ ದಿನವಿಡೀ ಕುಕ್ಕಿದ್ದು ವ್ಯರ್ಥವಾಗಿದೆ. ಹಿಕ್ಕೆ ತೀರ ಕಡಿಮೆಯಾಗುವುದು, ಹಸಿರು ನೀರಿನಂತಾಗುವುದು ಕೂಡ ಉಪವಾಸದ ಸೂಚನೆ.

ಮೊದಲ ಕೆಲಸ: ಆಹಾರ ಮತ್ತು ನೀರು

ಹಕ್ಕಿಯನ್ನು ಗುಂಪಿನಿಂದ ಬೇರ್ಪಡಿಸಬೇಕು. ಪೂರ್ಣವಾಗಿ ಒಂಟಿಯಾಗಿಸಿದರೆ ಅದು ಕಂಗಾಲಾಗುತ್ತದೆ. ನಡುವೆ ಜಾಲರಿಯಿಟ್ಟು ಜೊತೆಗಾರ ಹಕ್ಕಿಗಳು ಕಾಣುವಂತೆ, ಅವುಗಳ ದನಿ ಕೇಳುವಂತೆ ಇಡುವುದು ಲೇಸು. ಬಡಕಲಾದ ಹಕ್ಕಿಗೆ ಬೆಚ್ಚನೆಯ ತಾಣ ಬೇಕು. ಗೂಡಿನ ಒಂದು ಮೂಲೆಯಲ್ಲಿ 28ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರುವಂತೆ ಹಳೆಯ ಮಾದರಿಯ ತಂತಿ ಬಲ್ಬನ್ನು ಉರಿಸಬಹುದು. ಎಲ್‌ಇಡಿ ದೀಪ ಬೆಳಕು ಕೊಟ್ಟೀತೇ ಹೊರತು ಬೇಕಾದಷ್ಟು ಶಾಖ ಕೊಡದು. ಇನ್ನೊಂದು ಮೂಲೆ ತಂಪಾಗಿರಬೇಕು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಈ ದೀಪದ ಅಗತ್ಯವಿಲ್ಲ. ಅಲ್ಲಿ ನೆರಳು, ಗಾಳಿಗಳೇ ಮುಖ್ಯ.

ಕಾಳನ್ನು ಹಿಡಿಯಲಾರದ ಕೊಕ್ಕು ಮುದ್ದೆಯಾದ ಆಹಾರವನ್ನು ಗೋರಿಕೊಳ್ಳಬಲ್ಲದು. ಅದಕ್ಕಾಗಿ ಎರಡು ಬದಲಾವಣೆ ಬೇಕು. ಒಂದು, ಆಹಾರದ ಪಾತ್ರೆ ಆಳವಾಗಿರಬೇಕು. ಮೂರು ನಾಲ್ಕು ಸೆಂಟಿಮೀಟರ್ ಆಳದ, ಮಗುಚದಂತಹ ಭಾರದ ಪಿಂಗಾಣಿ ಬಟ್ಟಲು ಒಳ್ಳೆಯದು. ಎರಡು, ಆಹಾರ ಮೆತ್ತಗಿರಬೇಕು. ಕೋಳಿ ಆಹಾರದ ನುಚ್ಚನ್ನು ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾದ ಹದಕ್ಕೆ ಕಲಸಬೇಕು. ಬೇಯಿಸಿದ ಕೋಳಿಮೊಟ್ಟೆಯನ್ನು ನುಣ್ಣಗೆ ಪುಡಿಮಾಡಿ ಒಂದು ಚಮಚ ಬೆರೆಸಿದರೆ ಹಕ್ಕಿ ಆಸೆಯಿಂದ ತಿನ್ನುತ್ತದೆ. ಹಸಿ ಮೊಟ್ಟೆಯನ್ನು ಕೊಡಬಾರದು. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಅಂಶ ಬಯೋಟಿನ್ ದೇಹಕ್ಕೆ ಸೇರದಂತೆ ತಡೆಯುತ್ತದೆ.

ನೆನೆಸಿದ ಆಹಾರ ನಮ್ಮ ಹವೆಯಲ್ಲಿ ಬೇಗ ಹುಳಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಬಾರಿ ಕೊಟ್ಟು, ಮೂರು ಗಂಟೆಗೆ ಮೀರಿ ಉಳಿದುದನ್ನು ಎಸೆಯಬೇಕು. ಪ್ರತಿ ಊಟದ ಬಳಿಕ ಕೊಕ್ಕಿಗೆ ಅಂಟಿದ ಮುದ್ದೆಯನ್ನು ಒದ್ದೆ ಹತ್ತಿಯಿಂದ ಒರೆಸಬೇಕು. ಒಣಗಿ ಗಟ್ಟಿಯಾದರೆ ಅದೇ ಹುಣ್ಣಿಗೆ ಮೂಲವಾಗುತ್ತದೆ. ದೊಡ್ಡ ಹಕ್ಕಿಯೊಂದು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಒಣ ಆಹಾರ ತಿನ್ನುತ್ತದೆ. ಅಷ್ಟನ್ನು ತೂಗಿ ನೆನೆಸಿದರೆ ಎಷ್ಟು ಹೊಟ್ಟೆಗೆ ಹೋಯಿತೆಂಬ ಅಂದಾಜು ಸಿಗುತ್ತದೆ. ಸುತ್ತ ಚೆಲ್ಲಿದುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೀರಿಗಾಗಿ ನಿಪ್ಪಲ್ ನಳಿಕೆಯನ್ನು ನಂಬಬಾರದು. ಕೆಟ್ಟ ಕೊಕ್ಕಿನಿಂದ ಅದನ್ನು ಒತ್ತುವುದು ಕಷ್ಟ. ಕೊಕ್ಕು ಪೂರ್ತಿ ಅದ್ದುವಷ್ಟು ಆಳದ, ತೆರೆದ ಬಟ್ಟಲಿನಲ್ಲಿ ನೀರಿಡಬೇಕು.

ಹಕ್ಕಿ ತಾನಾಗಿ ತಿನ್ನದಿದ್ದರೆ ಸಿರಿಂಜಿನಿಂದ ಬಾಯೊಳಗೆ ಒಮ್ಮೆಲೇ ಸುರಿಯುವುದು ಅಪಾಯಕರ. ನಾಲಿಗೆಯ ಹಿಂದೆಯೇ ಶ್ವಾಸನಾಳದ ಬಾಯಿ ಇರುವುದರಿಂದ ಆಹಾರ ಶ್ವಾಸಕೋಶ ಸೇರಿ ಹಕ್ಕಿ ಸಾಯಬಹುದು. ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ತಾಗಿಸಿ ಅದು ತಾನೇ ನುಂಗುವಂತೆ ಬಿಡುವುದಷ್ಟೇ ಮನೆಯಲ್ಲಿ ಮಾಡಬಹುದಾದುದು. ಕೊಳವೆಯ ಮೂಲಕ ಆಹಾರ ಚೀಲಕ್ಕೆ ನೇರವಾಗಿ ಉಣಿಸುವುದನ್ನು ಪಶುವೈದ್ಯರಿಂದ ಕಣ್ಣಾರೆ ಕಂಡು ಕಲಿಯದೆ ಪ್ರಯೋಗಿಸಕೂಡದು.

ರಕ್ತ ಒಸರಿದರೆ

ಲಾವಕ್ಕಿಯಂತಹ ಚಿಕ್ಕ ಹಕ್ಕಿಯಲ್ಲಿ ರಕ್ತದ ಪ್ರತಿ ಹನಿಗೂ ಬೆಲೆಯಿದೆ. ಆರೋಗ್ಯವಂತ ಹಕ್ಕಿ ತನ್ನ ದೇಹತೂಕದ ಸುಮಾರು ಶೇ. 1ರಷ್ಟು ರಕ್ತ ನಷ್ಟವನ್ನು ತಾಳಿಕೊಳ್ಳಬಲ್ಲದು. 150 ಗ್ರಾಂ ಹಕ್ಕಿಗೆ ಅದು ಒಂದೂವರೆ ಮಿಲಿಲೀಟರ್, ಅಂದರೆ ಸುಮಾರು ಮೂವತ್ತು ಹನಿ. ಬಡಕಲಾದ ಹಕ್ಕಿಗೆ ಅಷ್ಟೂ ಹೆಚ್ಚೇ.

ಹಕ್ಕಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಶುಭ್ರವಾದ ಹತ್ತಿ ಅಥವಾ ಬಟ್ಟೆಯಿಂದ ಗಾಯದ ಮೇಲೆ ಹದವಾಗಿ ಒತ್ತಿ ಹಿಡಿಯಬೇಕು. ನಡುನಡುವೆ ತೆಗೆದು ನೋಡದೆ ಎರಡು ಮೂರು ನಿಮಿಷ ಹಾಗೆಯೇ ಹಿಡಿದಿರಬೇಕು. ಕೊಕ್ಕಿನ ತುದಿಯಿಂದಷ್ಟೇ ರಕ್ತ ಬರುತ್ತಿದ್ದರೆ ಕಾರ್ನ್‌ಫ್ಲೋರ್ ಹಿಟ್ಟನ್ನು ಅಲ್ಲಿಗೆ ಒತ್ತಿ ಲೇಪಿಸಬಹುದು. ಮೂಗಿನ ಹೊಳ್ಳೆಗೂ ಬಾಯಿಯೊಳಕ್ಕೂ ಹಿಟ್ಟು ಹೋಗದಂತೆ ಎಚ್ಚರವಿರಲಿ. ರಕ್ತ ನಿಲ್ಲಿಸುವ ಔಷಧದ ಪುಡಿಗಳು ಮೆತ್ತನೆಯ ಚರ್ಮವನ್ನು ಸುಡುವುದರಿಂದ ಅವನ್ನು ತೆರೆದ ಗಾಯಕ್ಕೆ ಹಾಕಬಾರದು. ಐದು ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ, ಮೂಳೆ ಕಾಣುತ್ತಿದ್ದರೆ, ಕೊಕ್ಕು ಬುಡದಲ್ಲಿ ಅಲುಗಾಡುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮುರಿದು ನೇತಾಡುವ ತುಂಡನ್ನು ಕೀಳುವುದಾಗಲೀ ಅಂಗಡಿಯ ಅಂಟಿನಿಂದ ಕೂಡಿಸುವುದಾಗಲೀ ಸಲ್ಲದು.

ಒಯ್ಯುವಾಗ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ದಪ್ಪ ಬಟ್ಟೆ ಹಾಸಿ, ಕತ್ತಲು ಮಾಡಿ ಇಟ್ಟರೆ ಹಕ್ಕಿ ಶಾಂತವಾಗಿರುತ್ತದೆ. ಪೆಟ್ಟಿಗೆ ಎತ್ತರವಿದ್ದರೆ ಅದು ಮೇಲಕ್ಕೆ ಚಿಮ್ಮಿ ಮತ್ತೆ ಪೆಟ್ಟು ಮಾಡಿಕೊಳ್ಳುತ್ತದೆ.

ಕೊಕ್ಕನ್ನು ತಿದ್ದುವ ಕ್ರಮ

ಮೊದಲ ಬಾರಿ ಕೊಕ್ಕನ್ನು ತಿದ್ದುವ ಕೆಲಸವನ್ನು ಪಶುವೈದ್ಯರೇ ಮಾಡಬೇಕು. ಅತಿಯಾಗಿ ಬೆಳೆದ ಕೊಕ್ಕಿನಲ್ಲಿ ಒಳಗಿನ ಸಜೀವ ಪದರವೂ ಕವಚದೊಂದಿಗೆ ಮುಂದಕ್ಕೆ ಚಾಚಿರುವ ಸಂಭವವಿದೆ. ಎಲ್ಲಿಯವರೆಗೆ ಸತ್ತ ಕವಚ, ಎಲ್ಲಿಂದ ಜೀವವಿರುವ ಭಾಗ ಎಂಬುದನ್ನು ಅವರು ತೋರಿಸಿಕೊಡುತ್ತಾರೆ. ಬಿಳಿಯ ಕೊಕ್ಕಿನ ಹಕ್ಕಿಗಳಲ್ಲಿ ಹಿಂದಿನಿಂದ ಟಾರ್ಚ್ ಬೆಳಕು ಹಾಯಿಸಿದರೆ ರಕ್ತವಿರುವ ಭಾಗ ಕೆಂಪಗೆ ಕಾಣುತ್ತದೆ. ಜಪಾನಿ ಲಾವಕ್ಕಿಯ ಕೊಕ್ಕು ಸಾಮಾನ್ಯವಾಗಿ ಕಂದು ಅಥವಾ ಬೂದು ಬಣ್ಣದ್ದಾಗಿರುವುದರಿಂದ ಈ ಉಪಾಯ ಪ್ರತಿ ಬಾರಿಯೂ ಫಲಿಸುವುದಿಲ್ಲ.

ಬಹಳ ಉದ್ದವಾದ ಕೊಕ್ಕನ್ನು ಒಂದೇ ದಿನ ಸರಿಪಡಿಸಲಾಗದು. ಸ್ವಲ್ಪ ತೆಗೆದು, ಒಂದೆರಡು ವಾರ ಬಿಟ್ಟು, ಮತ್ತೆ ಸ್ವಲ್ಪ ತೆಗೆಯುತ್ತಾ ಹೋದರೆ ಒಳಗಿನ ಸಜೀವ ಭಾಗಕ್ಕೆ ಪೆಟ್ಟಾಗುವ ಅಪಾಯ ತಗ್ಗುತ್ತದೆ.

ವೈದ್ಯರು ತೋರಿಸಿಕೊಟ್ಟ ಮೇಲೆ ಮನೆಯಲ್ಲಿ ಕಾಲಕಾಲಕ್ಕೆ ತುದಿಯನ್ನು ಉಜ್ಜುವುದನ್ನು ರೂಢಿಸಿಕೊಳ್ಳಬಹುದು. ಅದರ ಕ್ರಮ ಹೀಗಿದೆ:

ತಂಪಾದ ಹೊತ್ತಿನಲ್ಲಿ, ಒಳ್ಳೆಯ ಬೆಳಕಿನಲ್ಲಿ, ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರು ಕೂಡಿ ಮಾಡಬೇಕು. ಒಬ್ಬರು ಹಿಡಿಯುವುದು, ಇನ್ನೊಬ್ಬರು ಉಜ್ಜುವುದು.

ಹಕ್ಕಿಯನ್ನು ಚಿಕ್ಕ ಟವೆಲಿನಲ್ಲಿ ರೆಕ್ಕೆಗಳು ಬಡಿಯದಂತೆ ಸುತ್ತಬೇಕು. ಎದೆಯನ್ನು ಮಾತ್ರ ಅದುಮಬಾರದು. ಹಕ್ಕಿಗಳಿಗೆ ನಮ್ಮಂತೆ ವಪೆ ಇಲ್ಲ. ಎದೆ ಹಿಗ್ಗಿ ಕುಗ್ಗಿದರಷ್ಟೇ ಅವುಗಳ ಉಸಿರಾಟ ನಡೆಯುತ್ತದೆ. ಎದೆ ಬಿಗಿದರೆ ಉಸಿರು ಕಟ್ಟುತ್ತದೆ.

ತಲೆಯನ್ನು ಹಿಂದಿನಿಂದ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಗುರವಾಗಿ ಆನಿಸಿ ಹಿಡಿಯಬೇಕು. ಕಣ್ಣು, ಹೊಳ್ಳೆ, ಗಂಟಲುಗಳಿಗೆ ಬೆರಳು ತಾಗಬಾರದು.

ಉಗುರು ಉಜ್ಜುವ ನುಣುಪಾದ ಪಟ್ಟಿಯಿಂದ, ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಮೆಲ್ಲನೆ ಉಜ್ಜಬೇಕು. ಒಂದು ಸಲಕ್ಕೆ ಒಂದು ಮಿಲಿಮೀಟರಿಗಿಂತ ಹೆಚ್ಚು ತೆಗೆಯಬಾರದು. ಉಗುರು ಕತ್ತರಿ ಬಳಸಿದರೆ ಕವಚ ಉದ್ದಕ್ಕೆ ಸೀಳಿ ಬಿರುಕು ಮೇಲಕ್ಕೆ ಏರುವ ಭಯವಿದೆ.

ಎರಡು ಮೂರು ನಿಮಿಷಗಳೊಳಗೆ ಕೆಲಸ ಮುಗಿಸಬೇಕು. ಹಕ್ಕಿ ಬಾಯ್ತೆರೆದು ಏದುಸಿರು ಬಿಟ್ಟರೆ, ತಲೆ ಜೋಲಿದರೆ, ಕವಚದ ಬಣ್ಣ ಗುಲಾಬಿಯಾದರೆ ಅಲ್ಲಿಗೇ ನಿಲ್ಲಿಸಿ ಬಿಟ್ಟುಬಿಡಬೇಕು. ಉಳಿದುದು ಮುಂದಿನ ವಾರಕ್ಕಿರಲಿ.

ಕೆಳಗಿನ ಕೊಕ್ಕು ಉದ್ದವಾಗಿರುವ ಹಕ್ಕಿಯಲ್ಲಿ ಅದನ್ನು ಮೇಲಿನ ಕೊಕ್ಕಿನ ಸಮಕ್ಕೆ ತರುವುದು ಗುರಿ. ಓರೆಯಾದ ಕೊಕ್ಕನ್ನು ಉಜ್ಜಿ ನೆಟ್ಟಗೆ ಮಾಡಲಾಗದು, ಏಕೆಂದರೆ ಓರೆಯಾಗಿರುವುದು ಒಳಗಿನ ಮೂಳೆ. ತಿನ್ನಲು ಅಡ್ಡಿಯಾಗುವ ಅಂಚನ್ನು ಮಾತ್ರ ತಗ್ಗಿಸಬಹುದು. ಹಕ್ಕಿಗೆ ಬೇಕಾದುದು ತಿನ್ನಲು ಬರುವ ಕೊಕ್ಕೇ ಹೊರತು ಚೆಂದದ ಕೊಕ್ಕಲ್ಲ.

ವೈದ್ಯರು, ಔಷಧಗಳು

ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದನಕರುಗಳ ಚಿಕಿತ್ಸೆಯೇ ಹೆಚ್ಚಾಗಿರುವುದರಿಂದ ಲಾವಕ್ಕಿಯನ್ನು ಒಯ್ಯಲು ಕೆಲವರು ಸಂಕೋಚಪಡುತ್ತಾರೆ. ಸಂಕೋಚ ಬೇಕಿಲ್ಲ, ಕೋಳಿಗಳ ಚಿಕಿತ್ಸೆ ಬಲ್ಲ ವೈದ್ಯರಿಗೆ ಲಾವಕ್ಕಿಯ ಕೊಕ್ಕು ಅಪರಿಚಿತವಲ್ಲ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮುಂತಾದೆಡೆ ಇರುವ ಪಶುವೈದ್ಯಕೀಯ ಕಾಲೇಜುಗಳ ನೆರವನ್ನೂ ಕೇಳಬಹುದು. ಹೋಗುವಾಗ ತೂಕದ ಪಟ್ಟಿ, ಛಾಯಾಚಿತ್ರಗಳು, ಕೊಡುತ್ತಿರುವ ಆಹಾರದ ಒಂದು ಹಿಡಿ, ಅಂದಿನ ಹಿಕ್ಕೆ ಇವನ್ನು ಒಯ್ದರೆ ಕಾರಣವನ್ನು ಗುರುತಿಸುವುದು ಸುಲಭವಾಗುತ್ತದೆ.

ಮನೆಯಲ್ಲಿರುವ ನೋವಿನ ಮಾತ್ರೆಗಳನ್ನು ಹಕ್ಕಿಗೆ ಕೊಡಲೇಬಾರದು. ಜಾನುವಾರುಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧ ಅವುಗಳ ಕಳೇಬರ ತಿಂದ ರಣಹದ್ದುಗಳನ್ನು ಕೊಂದಿತೆಂಬುದು, ಅದಕ್ಕಾಗಿ 2006ರಲ್ಲಿ ಭಾರತ ಸರ್ಕಾರವು ಆ ಔಷಧದ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತೆಂಬುದು ಎಲ್ಲರಿಗೂ ಪಾಠವಾಗಬೇಕು. ಹಕ್ಕಿಯ ಮೂತ್ರಪಿಂಡ ನಮ್ಮದರಂತಲ್ಲ. ನೋವು ನಿವಾರಕವನ್ನೂ ಅದರ ಪ್ರಮಾಣವನ್ನೂ ವೈದ್ಯರೇ ತೂಕ ನೋಡಿ ನಿರ್ಧರಿಸಬೇಕು. ಜೀವಸತ್ವದ ಹನಿಗಳೂ ಅಷ್ಟೇ. ಎ ಮತ್ತು ಡಿ ಜೀವಸತ್ವಗಳು ಅತಿಯಾದರೆ ಅವೂ ಹಾನಿಕರ. ಔಷಧ ನಡೆಯುತ್ತಿರುವಾಗ ಹಕ್ಕಿಯಿಟ್ಟ ಮೊಟ್ಟೆಗಳನ್ನು ಎಷ್ಟು ದಿನ ತಿನ್ನಬಾರದೆಂದು ಕೇಳಿ ತಿಳಿದುಕೊಳ್ಳಬೇಕು.

ಮುಖ ಊದಿಕೊಂಡು, ಉಸಿರಾಟ ಕಷ್ಟವಾಗಿ, ಮನೆಯಲ್ಲಿರುವ ಹಕ್ಕಿಗಳು ಒಂದರ ಹಿಂದೊಂದು ಸಾಯತೊಡಗಿದರೆ ಅದು ಕೊಕ್ಕಿನ ಸಮಸ್ಯೆಯಲ್ಲ. ಹಕ್ಕಿಜ್ವರದ ಸಾಧ್ಯತೆಯನ್ನು ಮನಗಂಡು ಪಶುಪಾಲನಾ ಇಲಾಖೆಗೆ ತಿಳಿಸಬೇಕು, ಸತ್ತ ಹಕ್ಕಿಗಳನ್ನು ಬರಿಗೈಯಿಂದ ಮುಟ್ಟಬಾರದು. ಸಾಮಾನ್ಯ ದಿನಗಳಲ್ಲಿಯೂ ಆರೈಕೆಯ ಮುಂಚೆ ಮತ್ತು ನಂತರ ಸಾಬೂನಿನಿಂದ ಕೈ ತೊಳೆಯುವುದು ಒಳ್ಳೆಯ ಅಭ್ಯಾಸ.

ಮತ್ತೆ ಬೆಳೆಯದಂತೆ ತಡೆ

ಕಾರಣ ಹಾಗೆಯೇ ಉಳಿದರೆ ಎಷ್ಟು ಬಾರಿ ಉಜ್ಜಿದರೂ ಪ್ರಯೋಜನವಿಲ್ಲ. ಆದುದರಿಂದ ಆಹಾರ ಮತ್ತು ಗೂಡು ಎರಡನ್ನೂ ಪರಿಶೀಲಿಸಬೇಕು.

ಬೆಳೆಯುವ ಲಾವಕ್ಕಿಗೆ ಆಹಾರದಲ್ಲಿ ಶೇ. 24ರಷ್ಟು, ಮೊಟ್ಟೆಯಿಡುವ ಹಕ್ಕಿಗೆ ಶೇ. 20ರಷ್ಟು ಪ್ರೋಟೀನ್ ಬೇಕು. ಕಿರುಧಾನ್ಯಗಳಲ್ಲಿ ಇರುವುದು ಶೇ. 10ರಿಂದ 12ರಷ್ಟು ಮಾತ್ರ. ಲಾವಕ್ಕಿಗಾಗಿಯೇ ತಯಾರಾದ ಆಹಾರ ಸಿಗದ ಊರುಗಳಲ್ಲಿ ಬ್ರಾಯ್ಲರ್ ಸ್ಟಾರ್ಟರ್ ನುಚ್ಚನ್ನು ಬಳಸಬಹುದು. ಮೊಟ್ಟೆಯಿಡುವ ಹೆಣ್ಣಿಗೆ ಶೇ. 2.5ರಷ್ಟು ಕ್ಯಾಲ್ಸಿಯಂ ಅಗತ್ಯವಿದ್ದು, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಟ್ಟರೆ ಬೇಕಾದಷ್ಟನ್ನು ಅದೇ ಆರಿಸಿಕೊಳ್ಳುತ್ತದೆ. ನುಗ್ಗೆ ಸೊಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್‌ಗಳಿಂದ ಎ ಜೀವಸತ್ವ ಒದಗುತ್ತದೆ. ಬೆಳಗಿನ ಎಳೆಬಿಸಿಲು ನೇರವಾಗಿ ಬಿದ್ದರೆ ಡಿ3 ಜೀವಸತ್ವ ದೇಹದಲ್ಲಿಯೇ ತಯಾರಾಗುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿಗೆ ಆ ಗುಣವಿಲ್ಲ. ಬಿಸಿಲಿನಲ್ಲಿಟ್ಟಾಗ ಅರ್ಧ ಗೂಡಿಗಾದರೂ ನೆರಳಿರಬೇಕು.

ಗಾಯ ವಾಸಿಯಾದ ಮೇಲೆ ಕೊಕ್ಕು ಸವೆಯಲು ಅವಕಾಶ ಕಲ್ಪಿಸಬೇಕು. ಒರಟಾದ ಕಲ್ಲಿನ ಚಪ್ಪಡಿ ಅಥವಾ ಇಟ್ಟಿಗೆಯ ಮೇಲೆ ಸ್ವಲ್ಪ ಆಹಾರ ಉದುರಿಸಿದರೆ ಹಕ್ಕಿ ಕುಕ್ಕುತ್ತಾ ಕೊಕ್ಕನ್ನು ತಾನೇ ತೀಡಿಕೊಳ್ಳುತ್ತದೆ. ಸಮುದ್ರದ ನೊರೆಯೆಂದು ಅಂಗಡಿಗಳಲ್ಲಿ ಸಿಗುವ ಬಿಳಿಯ ಓಡನ್ನೂ ಇಡಬಹುದು. ಮಣ್ಣು, ಮರಳು ತುಂಬಿದ ತಟ್ಟೆ ಧೂಳಿನ ಸ್ನಾನಕ್ಕೂ ಕೆದಕುವುದಕ್ಕೂ ಒದಗುತ್ತದೆ.

ಗೂಡಿನ ಚಾವಣಿ 30 ಸೆಂಟಿಮೀಟರಿಗಿಂತ ತಗ್ಗಾಗಿರಬೇಕು, ಇಲ್ಲವೇ ಆಳೆತ್ತರಕ್ಕಿಂತ ಮೇಲಿರಬೇಕು. ನಡುವಿನ ಎತ್ತರದಲ್ಲಿ ಹಕ್ಕಿ ವೇಗ ಗಳಿಸಿ ಬಡಿದುಕೊಳ್ಳುತ್ತದೆ. ಚಾವಣಿಗೆ ಮೆತ್ತನೆಯ ಬಲೆ ಅಥವಾ ಬಟ್ಟೆ ಕಟ್ಟುವುದು ಕ್ಷೇಮ. ತಲೆ ತೂರುವಷ್ಟು ದೊಡ್ಡ ಜಾಲರಿ, ಹೊರಚಾಚಿದ ತಂತಿ ಇರಬಾರದು. ಒಂದೇ ಗೂಡಿನಲ್ಲಿ ಎರಡು ಗಂಡುಗಳನ್ನಿಡದಿರುವುದು ಕಾದಾಟವನ್ನು ತಪ್ಪಿಸುತ್ತದೆ.

ಕೊಕ್ಕು ಮೊದಲಿನಂತಾಗುವುದೇ?

ಕವಚಕ್ಕೆ ಮಾತ್ರ ಆದ ಗಾಯ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತುಂಬಿಬರುತ್ತದೆ. ಒಳಗಿನ ಮೂಳೆಯೇ ತುಂಡಾಗಿದ್ದರೆ ಆ ಭಾಗ ಮರಳಿ ಬೆಳೆಯದು. ದೊಡ್ಡ ಹಕ್ಕಿಗಳಿಗೆ ಕೃತಕ ಕೊಕ್ಕು ಅಳವಡಿಸಿದ ಉದಾಹರಣೆಗಳಿದ್ದರೂ ಲಾವಕ್ಕಿಯ ಪುಟ್ಟ ಕೊಕ್ಕಿನಲ್ಲಿ ಅದನ್ನು ನಿಲ್ಲಿಸುವುದು ಸುಲಭವಲ್ಲ. ಕವಚ ಹುಟ್ಟುವ ಬುಡಕ್ಕೇ ಪೆಟ್ಟಾಗಿದ್ದರೆ ಕೊಕ್ಕು ಜೀವನಪರ್ಯಂತ ಅಡ್ಡಾದಿಡ್ಡಿಯಾಗಿಯೇ ಬೆಳೆಯುತ್ತದೆ, ಕೆಲವು ವಾರಗಳಿಗೊಮ್ಮೆ ಅದನ್ನು ಉಜ್ಜುತ್ತಲೇ ಇರಬೇಕಾಗುತ್ತದೆ.

ಹಾಗೆಂದು ನಿರಾಶರಾಗಬೇಕಿಲ್ಲ. ಅರ್ಧ ಕೊಕ್ಕಿನ ಹಕ್ಕಿಯೂ ಆಳವಾದ ಬಟ್ಟಲು, ಮೆತ್ತನೆಯ ಆಹಾರ ಸಿಕ್ಕರೆ ಕೆಲವೇ ದಿನಗಳಲ್ಲಿ ಗೋರಿ ತಿನ್ನಲು ಕಲಿಯುತ್ತದೆ. ಗರಿಗಳನ್ನು ತೀಡಿಕೊಳ್ಳಲು ಅದಕ್ಕೆ ಕಷ್ಟವಾಗುವುದರಿಂದ ಹೇನು, ಉಣ್ಣೆಗಳಿವೆಯೇ ಎಂದು ವಾರಕ್ಕೊಮ್ಮೆ ಗರಿ ಬಿಡಿಸಿ ನೋಡಬೇಕಷ್ಟೆ. ಎಲ್ಲ ಪ್ರಯತ್ನದ ನಂತರವೂ ಹಕ್ಕಿ ತಾನಾಗಿ ತಿನ್ನಲಾರದೆ, ತೂಕ ಇಳಿಯುತ್ತಲೇ ಹೋಗಿ, ನೋವಿನಿಂದ ಮುದುಡಿ ಕೂರುವಂತಾದರೆ ಅದನ್ನು ನೋವಿಲ್ಲದೆ ಬೀಳ್ಕೊಡುವ ಬಗ್ಗೆ ವೈದ್ಯರೊಡನೆ ಮನಬಿಚ್ಚಿ ಮಾತನಾಡುವುದು ಕೂಡ ಆರೈಕೆಯ ಭಾಗವೇ ಆಗಿದೆ.

ಹೊಸದಾಗಿ ಲಾವಕ್ಕಿ ತರುವವರು ಕೊಳ್ಳುವ ಮುನ್ನ ಕೊಕ್ಕನ್ನೊಮ್ಮೆ ಪಕ್ಕದಿಂದ ನೋಡಬೇಕು. ಈಗಾಗಲೇ ಸಾಕಿರುವವರು ಇಂದೇ ಹಕ್ಕಿಯನ್ನು ತೂಗಿ, ಆ ಅಂಕಿಯನ್ನು ದಿನಾಂಕದೊಂದಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಮುಂದೆಂದಾದರೂ ಕೊಕ್ಕು ಕೆಟ್ಟಾಗ, ಹಕ್ಕಿ ಹಸಿದಿದೆಯೆಂಬುದನ್ನು ಮೊದಲು ತಿಳಿಸುವುದು ಆ ಅಂಕಿಯೇ.